ಕಣದ ಮಣ್ಣು

ಗೋಡೆಯ ಬಿರುಕಿನೊಳಗೆ ಬೆರಳು ತೂರಿಸಿ ತೋರಿಸುವುದೇ ಕೆಂಪಯ್ಯನಿಗೆ ಒಂದು ಕಸುಬಾಗಿಹೋಗಿತ್ತು. ತೆರಕಣಾಂಬಿಯ ಹೊರಗೆ, ತನ್ನ ಕರಿಮಣ್ಣಿನ ಎರೆಹೊಲದ ಅಂಚಿನಲ್ಲಿ ಅವನು ಹೊಸ ಮನೆ ಕಟ್ಟಿಸಿದ್ದ. ಮೊದಲ ಬೇಸಿಗೆ ಕಳೆಯುವಷ್ಟರಲ್ಲೇ ಗೋಡೆ ಕಿಟಕಿಯ ಮೂಲೆಯಿಂದ ಪಾಯದವರೆಗೆ ಸೀಳಿತು.

"ನೋಡ್ಲಾ, ಬೆರಳು ಎಂಗೋಯ್ತದೆ! ಮೇಸ್ತ್ರಿ ಸಿಮೆಂಟ್ ನುಂಗ್ಬುಟ್ಟವ್ನೆ," ಎಂದು ಬಂದವರಿಗೆಲ್ಲ ಹೇಳಿದ.

ಊರ ಬಾಯಿಗೆ ಬೀಗ ಹಾಕುವವರು ಯಾರು? ಮಾತು ಗುಂಡ್ಲುಪೇಟೆಯ ಸಂತೆ ಮುಟ್ಟಿತು. ಮೇಸ್ತ್ರಿ ಹಿದಾಯತ್ ಉಲ್ಲಾನನ್ನು ಆಮೇಲೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅವನ ಗಾರೆ ಮೆತ್ತುವ ಕರಣೆ ಅಡುಗೆಮನೆಯ ಮೊಳೆಗೆ ನೇತುಬಿತ್ತು, ಅವನು ಅದರ ಕಡೆ ನೋಡುವುದನ್ನೂ ಬಿಟ್ಟ.

ರಜೆಗೆ ಬಂದ ಮಗಳು ಅಫ್ರೀನ್ ಅದನ್ನು ಕಂಡಳು. ಮೈಸೂರಿನಲ್ಲಿ ಅವಳು ಓದುತ್ತಿದ್ದುದೇ ಮಣ್ಣಿನ ವಿಷಯ. ನೀರು ಕುಡಿದ ಮಣ್ಣು ಎಷ್ಟು ಉಬ್ಬುತ್ತದೆ, ಒಣಗಿದಾಗ ಎಷ್ಟು ಕುಗ್ಗುತ್ತದೆ, ಮೇಲೆ ಕೂತ ಗೋಡೆಯನ್ನು ಏನು ಮಾಡುತ್ತದೆ ಎಂಬುದನ್ನೆಲ್ಲ ಕಂಪ್ಯೂಟರಿನೊಳಗೆ ಮಾದರಿ ಕಟ್ಟಿ ನೋಡುವ ವಿದ್ಯೆ. ಅಪ್ಪನ ಹೆಸರು ಉಳಿಸದಿದ್ದರೆ ಇಷ್ಟು ಓದಿ ಏನು ಬಂತು ಎಂದುಕೊಂಡು ತೆರಕಣಾಂಬಿಯ ಬಸ್ಸು ಹತ್ತಿದಳು.

ಮನೆಯ ಬುಡದಲ್ಲಿ ಅಗೆಯಲು ಕೆಂಪಯ್ಯ ಬಿಡಲಿಲ್ಲ. "ಇರೋ ಗೋಡೆನೂ ಬಿದ್ದೋಗ್ಲಿ ಅಂತ್ಲಾ? ಅಲ್ಲಿ ಬಯಲದೆ, ಅಗ್ಕೊ ಓಗು," ಎಂದು ಸ್ವಲ್ಪ ದೂರದ ಮಟ್ಟಸ ಜಾಗ ತೋರಿಸಿದ. ಒಂದೇ ಹೊಲ, ಒಂದೇ ಮಣ್ಣು ಎಂದುಕೊಂಡು ಅವಳು ಅಲ್ಲಿಂದಲೇ ಹೆಂಟೆ ತೆಗೆದು ಕಾಲೇಜಿಗೆ ಒಯ್ದಳು. ಪರೀಕ್ಷೆ ಮಾಡಿ ಮಾದರಿ ಓಡಿಸಿದರೆ ಪರದೆಯ ಮೇಲಿನ ಗೋಡೆ ಕಲ್ಲಿನ ಹಾಗೆ ನಿಂತಿತು. ಒಂದು ಗೆರೆಯೂ ಬೀಳಲಿಲ್ಲ. ಮಣ್ಣಿನದು ತಪ್ಪಿಲ್ಲ ಎಂದರೆ ತಪ್ಪು ಅಪ್ಪನದು.

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಊರಿಗೆ ಬಂದು, ಮನೆಯ ಉರ್ದುವಿನಲ್ಲಿ ಅಪ್ಪನಿಗೆ ಮೆಲ್ಲಗೆ ಇದ್ದದ್ದನ್ನೇ ಹೇಳಿದಳು. ಹಿದಾಯತ್ ಉಲ್ಲಾ ತನ್ನ ಅಂಗೈ ನೋಡಿಕೊಂಡು, "ಹಾಗಾದರೆ ಎಲ್ಲೋ ನನ್ನ ಕೈಯೇ ತಪ್ಪಿರಬೇಕು ಮಗಳೇ," ಎಂದ. ಅವನು ರೇಗಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಕಾಲೇಜಿಗೆ ಮರಳಿ, ಉಳಿದ ಹೆಂಟೆಯನ್ನು ಸಿಟ್ಟಿನಲ್ಲಿ ನೆಲಕ್ಕೆ ಕುಕ್ಕಿದಳು. ಒಡೆದ ಹೆಂಟೆಯಲ್ಲಿ ಸಗಣಿ ಸಾರಿಸಿದ ಪದರಗಳು, ರಾಗಿಯ ಹೊಟ್ಟು, ಸಣ್ಣ ಗರಸುಕಲ್ಲು. ಎರೆಹೊಲದ ಒಡಲಲ್ಲಿ ಗರಸು ಹೇಗೆ ಬಂತು? ಕೆಂಪಯ್ಯನ ಹೆಂಡತಿ ಸೋಮಮ್ಮನಿಗೆ ಫೋನು ಮಾಡಿ ಆ ಬಯಲಿನ ಬಗ್ಗೆ ಕೇಳಿದಳು.

"ಅಯ್ಯೋ, ಅದು ನಮ್ಮತ್ತೆ ಕಾಲದ ಕಣ ಕಣಮ್ಮಿ! ಎರೆ ಬಾಯ್ಬುಟ್ರೆ ಕಾಳೆಲ್ಲ ಒಳಿಕ್ಕೆ ಓಯ್ತವೆ ಅಂತ ಗರಸು ಬೆರ್ಸಿ, ಮೊಳದಾಳ ತುಂಬಿ ದಿಮ್ಸಲ್ಲಿ ಬಡ್ದು ಗಟ್ಟಿ ಮಾಡಿದ್ರು. ಈಗ ರಾಗಿ ಒಕ್ಕೋದೆಲ್ಲ ಟಾರ್ ರೋಡ್ ಮ್ಯಾಲೆ ಅಲ್ವಾ, ಕಣ ಯಾರ್ಗೆ ಬೇಕು?"

ಅಫ್ರೀನ್ ಅಳುತ್ತಲೇ ನಕ್ಕುಬಿಟ್ಟಳು. ಅವಳ ಇಡೀ ಲೆಕ್ಕ ನಿಂತದ್ದು ಹೊಲದ ಮಣ್ಣಿನ ಮೇಲಲ್ಲ, ಕಣದ ಮಣ್ಣಿನ ಮೇಲೆ.

ಸೋಮಮ್ಮ ಗಂಡನ ಬಾಯಿ ಮುಚ್ಚಿಸಿ, ಗೋಡೆಯ ಪಕ್ಕದಲ್ಲೇ ಅಗೆಯಲು ಬಿಟ್ಟಳು. ಈ ಸಲ ಮಾದರಿಯ ಗೋಡೆ ಕಿಟಕಿಯ ಮೂಲೆಯಿಂದಲೇ ಸೀಳಿತು. ಅಫ್ರೀನ್ ಅಪ್ಪನನ್ನೂ ಕರೆದುಕೊಂಡು ಹೋಗಿ ಕೆಂಪಯ್ಯನಿಗೆ ಅದನ್ನು ತೋರಿಸಿದಳು.

"ಒಣಗಿದ ಮಣ್ಣು ಕುಗ್ಗಿ ಮನೆಯ ಮೂಲೆ ಇಳಿದಿದೆ. ಮಳೆ ಹಿಡಿದರೆ ಮಣ್ಣು ಉಬ್ಬಿ ಬಿರುಕು ತಾನೇ ಕೂಡಿಕೊಳ್ಳುತ್ತೆ. ಸಿಮೆಂಟ್ ಕಮ್ಮಿಯಾಗಿದ್ದರೆ ಕೂಡಲ್ಲ," ಎಂದಳು.

"ಕಂಪ್ಯೂಟ್ರು ಕಣಿನೂ ಏಳ್ತದಾ?" ಎಂದು ಕೆಂಪಯ್ಯ ನಕ್ಕ.

ಹಿದಾಯತ್ ಉಲ್ಲಾ ನಗಲಿಲ್ಲ. "ನಂದೂ ತಪ್ಪದೆ ಕೆಂಪಯ್ಯನೋರೆ. ಕಾಳಿಗೆ ಅಂತ ನಿಮ್ಮ ಹಿರೀಕ್ರು ಗರಸು ತುಂಬಿದ್ರು. ಮನುಷ್ಯರು ಮಲಗೋ ಮನೆಗೂ ತುಂಬಬೇಕು ಅಂತ ನಂಗೆ ಹೊಳೀಲಿಲ್ಲ," ಎಂದ.

ಆ ವರ್ಷ ಮಳೆ ಆಟವಾಡಿಸಿತು. ಮೋಡ ಬಂದಾಗಲೆಲ್ಲ ಅಫ್ರೀನ್ ಆಕಾಶ ನೋಡಿದಳು. ಕೊನೆಗೆ ಮಳೆ ಹಿಡಿಯಿತು, ಎರೆ ಕುಡಿಯಿತು. ಕೆಲವು ವಾರ ಕಳೆದು ಕೆಂಪಯ್ಯನಿಂದ ಕರೆ ಬಂತು. ಬನ್ನಿ ಎಂದಷ್ಟೇ ಹೇಳಿ ಇಟ್ಟ.

ಅಪ್ಪ ಮಗಳು ಹೋದಾಗ ಅವನು ಗೋಡೆಯ ಮುಂದೆ ನಿಂತಿದ್ದ. ಹಿಂದೆ ನೆಂಟರು, ಅಕ್ಕಪಕ್ಕದವರು. ತೋರುಬೆರಳು ಒತ್ತಿದ, ಹೋಗಲಿಲ್ಲ. ಕಿರುಬೆರಳು ಒತ್ತಿದ, ಉಗುರೂ ಹೋಗಲಿಲ್ಲ. ಅಂದು ತಾನು ಬೆರಳು ತೂರಿಸಿ ತೋರಿಸಿದ್ದ ಅದೇ ಜನರ ಕಡೆ ಅವನು ತಿರುಗಿದ.

"ಸಿಮೆಂಟಲ್ಲ ಕಣ್ರಲಾ, ನಮ್ಮ ಮಣ್ಣಿಂದೇ ಬುದ್ದಿ," ಎಂದ. ಆಮೇಲೆ ಮೇಸ್ತ್ರಿಯ ಮುಖ ನೋಡದೆಯೇ, "ಸಾಬ್ರೆ, ದನದ ಕೊಟ್ಟಿಗೆ ಕಟ್ಬೇಕು. ಪಾಯ ಯಾವಾಗ ತೆಗೀತೀರಿ?" ಎಂದು ಕೇಳಿದ.

ಹಿದಾಯತ್ ಉಲ್ಲಾ ಮಗಳ ಭುಜ ಹಿಡಿದು ಹೇಳಿದ:

"ಮೊದ್ಲು ಗರಸು ತರಿಸಿ."