ಗಾರ್ಡು ಮರುಳಪ್ಪನ ಹಚ್ಚದ ಬೀಡಿ

ಶಿವರಾತ್ರಿಯ ಮಾರನೆಯ ಬೆಳಗಿನಿಂದ ಅಶ್ವಿನಿ ಮಳೆಯ ಮೊದಲ ಹನಿ ಬೀಳುವವರೆಗೆ ಫಾರೆಸ್ಟ್ ಗಾರ್ಡು ಮರುಳಪ್ಪನ ತುಟಿಯ ಎಡಮೂಲೆಯಲ್ಲಿ ಸದಾ ಒಂದು ಬೀಡಿ ಇರುತ್ತಿತ್ತು. ಅದಕ್ಕೆ ಬೆಂಕಿ ಮಾತ್ರ ಇರುತ್ತಿರಲಿಲ್ಲ. ಉಳಿದ ಕಾಲದಲ್ಲಿ ದಿನಕ್ಕೊಂದು ಕಟ್ಟು ಮುಗಿಸುವ ಮನುಷ್ಯ ಆ ದಿನಗಳಲ್ಲಿ ಬರಿಯ ಎಲೆಯನ್ನು ಕಚ್ಚಿಕೊಂಡು, ಅದು ನೆನೆದು ಬಿಚ್ಚಿಕೊಂಡಾಗ ಇನ್ನೊಂದನ್ನು ಕಚ್ಚಿಕೊಂಡು, ಕರಡಿಗುಡ್ಡವನ್ನು ಸುತ್ತುತ್ತಿದ್ದ. "ನಾನೇ ಕಡ್ಡಿ ಗೀರಿದ್ರೆ ದನ ಕಾಯೋನಿಗೆ ಬ್ಯಾಡ ಅನ್ನಕ್ಕೆ ನಂಗೆ ಯಾವ ಬಾಯಿ ಐತೆ ಮೇಷ್ಟ್ರೇ?" ಎಂದಿದ್ದ ಒಮ್ಮೆ.

ಸಾವಿರದ ಒಂಬೈನೂರ ಐವತ್ತೆಂಟರ ಸುಮಾರಿನಲ್ಲಿ ನಾನು ಹಾರನಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಮರುಳಪ್ಪನಿಗೆ ಬರವಣಿಗೆ ಒಗ್ಗದು, ನನಗೆ ನನ್ನ ದುಂಡಕ್ಷರದ ಮೇಲೆ ವಿಪರೀತ ಮೋಹ. ಹೀಗಾಗಿ ಅವನ ಸರ್ಕಾರಿ ವರದಿಗಳೆಲ್ಲ ನನ್ನ ಕೈಯಿಂದಲೇ ಹೊರಡುತ್ತಿದ್ದವು. ಉರಿಬಿಸಿಲಿನಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಖಾಕಿ ಕೋಟು, ಹತ್ತು ಹೆಜ್ಜೆಗೊಮ್ಮೆ ನಿಂತು ಮುಖವನ್ನು ಗಾಳಿಗೊಡ್ಡಿ ಮೂಸುವ ನಡಿಗೆ. ಕೋಟಿನ ಜೇಬುಗಳ ತುಂಬ ಗುಡ್ಡ ಹತ್ತುವವರಿಂದ ಕಸಿದುಕೊಂಡ ಬೆಂಕಿಪೊಟ್ಟಣಗಳು. ಯಾವುದು ಯಾರದೆಂಬುದು ಅವನಿಗೆ ಬಾಯಿಪಾಠ. ಮೊದಲ ಮಳೆ ಬಿದ್ದೊಡನೆ ಮನೆಮನೆಗೆ ಹೋಗಿ ಹಿಂದಿರುಗಿಸಿ, ಕೊನೆಯ ಮನೆಯ ಜಗಲಿಯಲ್ಲಿ ಕೂತು ಆ ಬೇಸಿಗೆಯ ಮೊದಲ ಬೀಡಿ ಹಚ್ಚುತ್ತಿದ್ದ.

ಒಣಗಿದ ಬಾದೆಹುಲ್ಲನ್ನು ಸುಟ್ಟರೆ ಮಳೆ ಬಿದ್ದಾಗ ದನಗಳಿಗೆ ಎಳೆಹುಲ್ಲು ಚಿಗುರುತ್ತದೆಂಬುದು ನಮ್ಮ ಸೀಮೆಯವರ ಹಳೆಯ ನಂಬಿಕೆ. ಅದನ್ನು ಕಾನೂನಿನಿಂದ ಬಿಡಿಸಲಾಗದೆಂದು ಮರುಳಪ್ಪ ಬಲ್ಲ. ಅವನ ಕಟ್ಟಳೆ ಒಂದೇ: ಹಚ್ಚಿದ ಬೆಂಕಿ ಕೈಮೀರಿದರೆ ಹಚ್ಚಿದವರೇ ಮೊದಲು ಓಡಿಬಂದು ಅವನಿಗೆ ಹೇಳಬೇಕು, ಹಸಿಸೊಪ್ಪಿನ ಕೊಂಬೆ ಹಿಡಿದು ಬಡಿಯಲು ಜೊತೆಗೆ ನಿಲ್ಲಬೇಕು. ಬೈಗುಳ ಧಾರಾಳವಾಗಿ ಸಿಗುತ್ತಿತ್ತು, ಕೇಸು ಇರುತ್ತಿರಲಿಲ್ಲ.

ಒಂದು ಬೇಸಿಗೆ, ಎರಡು ಹಸು ಸಾಕಿಕೊಂಡಿದ್ದ ಬೋರಮ್ಮ ಹಚ್ಚಿದ ಬೆಂಕಿ ಗಾಳಿಗೆ ತಿರುಗಿ ಎಳೆಯ ಗಂಧದ ಗಿಡಗಳತ್ತ ಹೊರಟಿತು. ಮುಂಗುರುಳು ಸುಟ್ಟುಕೊಂಡೇ ಓಡಿಬಂದಳು. ಎಲ್ಲರೂ ಸೇರಿ ಗಳಿಗೆಯಲ್ಲಿ ಆರಿಸಿದರು. ಆದರೆ ಹೊಗೆ ಕಂಡು ಹೊಸ ರೇಂಜರ್ ಸಾಹೇಬರ ಜೀಪು ಬಂದು ನಿಂತಿತ್ತು. "ಬೋರಮ್ಮನೇ ಓಡಿಬಂದು ಒಪ್ಕೊಂಡ್ಲು ಸ್ವಾಮಿ, ಸತ್ಯವಂತೆ" ಎಂದು ಮರುಳಪ್ಪ ಅಭಿಮಾನದಿಂದಲೇ ಹೇಳಿದ. ಅವನು ಕೊಟ್ಟ ಶಿಫಾರಸು ಸಾಹೇಬರ ಕಿವಿಗೆ ಸಾಕ್ಷಿಯಾಗಿ ಬಿತ್ತು. ಕೇಸಿನ ವರದಿ ಬರೆದವನು ನಾನು. ಬರೆದು ಮುಗಿಸಿ, ಅಕ್ಷರ ಚೆನ್ನಾಗಿ ಬಂದಿದೆಯೆಂದು ಒಮ್ಮೆ ನೋಡಿಕೊಂಡೆ ಕೂಡ. ಇಂದಿಗೂ ಅದಕ್ಕೆ ನಾಚುತ್ತೇನೆ. ಬೋರಮ್ಮ ಅರಸೀಕೆರೆಯ ಕೋರ್ಟಿನ ಜಗಲಿಯಲ್ಲಿ ನಾಲ್ಕು ವಾಯಿದೆ ಕೂತು ಬಂದಳು.

ಮರುವರ್ಷ ಫಾಲ್ಗುಣದಲ್ಲಿ ಗುಡ್ಡದ ಪಡುವಣ ಮಗ್ಗುಲು ಹೊತ್ತಿಕೊಂಡಾಗ ಒಬ್ಬರೂ ಬರಲಿಲ್ಲ. ಮರುಳಪ್ಪ ಬಾಣಾವರದ ಕಡೆ ಬೆಂಕಿ ದಾಟದಂತೆ ಬಿಡುವ ಬೆಂಕಿಗೆರೆಯ ಹುಲ್ಲು ಸವರಿಸುತ್ತಿದ್ದ. ಗಾಳಿ ಅವನ ಕಡೆಯಿಂದ ಗುಡ್ಡದತ್ತ ಬೀಸುತ್ತಿದ್ದುದರಿಂದ ಅವನ ಮೂಗೂ ಕೈಕೊಟ್ಟಿತು. ಎರಡು ದಿನ ಉರಿದ ಗುಡ್ಡದಲ್ಲಿ ಗಂಧದ ಗಿಡಗಳಿದ್ದ ಗುರುತೂ ಉಳಿಯಲಿಲ್ಲ. "ಯಾಕ್ರೋ ಹೇಳ್ಲಿಲ್ಲ?" ಎಂದು ಕೇಳಿದ್ದಕ್ಕೆ ದನ ಕಾಯುವ ಕರಿಯಪ್ಪ ನೆಲ ನೋಡುತ್ತ, "ಹೇಳಿದೋರ್ನ ಎಲ್ಲಿಗೆ ಕಳಿಸಿದ್ರಿ ಅಂತ ನೋಡಿದೀವಲ್ಲ" ಎಂದ.

ಅಂದು ಸಂಜೆ ಮರುಳಪ್ಪ ಕೋಟು ಬಿಚ್ಚಿ ಮನೆಯಲ್ಲಿಟ್ಟು, ಬರಿಯ ಬನಿಯನ್ನಿನಲ್ಲಿ ಬೋರಮ್ಮನ ಅಂಗಳಕ್ಕೆ ಹೋದ. ನನ್ನನ್ನೂ ಎಳೆದುಕೊಂಡು ಹೋದ. "ತಪ್ಪಾಯ್ತು ಕಣವ್ವ" ಎಂದ. ಅವಳು ಸಗಣಿ ಬಾಚುವುದನ್ನು ನಿಲ್ಲಿಸಲಿಲ್ಲ. ಬುಟ್ಟಿ ತುಂಬಿದ ಮೇಲೆ, "ಗುಡ್ಡ ನಿಂದೊಬ್ಬಂದೇ ಏನಪ್ಪಾ? ಬೆಂಕಿ ಕಂಡ್ರೆ ಬತ್ತೀನಿ. ನನ್ನ ಹೆಸ್ರು ಮಾತ್ರ ಎತ್ತಬ್ಯಾಡ" ಎಂದಳು.

ಮಾತಿನಂತೆ ಮುಂದಿನ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ಓಡಿಬಂದಳು. ಬೆಂಕಿ ಅರ್ಧ ಎಕರೆಯಲ್ಲಿ ನಿಂತಿತು. ಬೆಂಕಿ ಬಿದ್ದದ್ದು ನಿನಗೆ ಹೇಳಿದವರು ಯಾರು ಎಂದು ಸಾಹೇಬರು ಗದರಿದಾಗ ಮರುಳಪ್ಪ ಬೀಡಿಯನ್ನು ತುಟಿಯಿಂದ ತೆಗೆದು ವಿನಯವಾಗಿ, "ಗಾಳಿ ಹೇಳ್ತು ಸ್ವಾಮಿ" ಎಂದ. ಸಾಹೇಬರು ನನ್ನತ್ತ ತಿರುಗಿದರು. 'ಗಾಳಿಯ ಮೂಲಕ ವರ್ತಮಾನ ತಿಳಿದುಬಂತು' ಎಂದು ನಾನು ಅದೇ ದುಂಡಕ್ಷರದಲ್ಲಿ ಬರೆದುಕೊಟ್ಟೆ. ಅವನ ಸರ್ವೀಸ್ ಪುಸ್ತಕದಲ್ಲಿ ಉದ್ಧಟನೆಂಬ ಷರಾ ಬಿತ್ತು. ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಗಾರ್ಡಾಗಿ ಸೇರಿದವನು ಗಾರ್ಡಾಗಿಯೇ ನಿವೃತ್ತನಾದ.

ಬೇಲೂರು ಹಳೇಬೀಡುಗಳಲ್ಲಿ ಕಲ್ಲು ಕಡೆದವರು ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರನ್ನೂ ಕೊರೆದಿದ್ದಾರೆ; ಕೊರೆಯಬೇಕಾದದ್ದೇ. ಆದರೆ ಕೆಡದಂತೆ ಕಾದವರಿಗೆ ಹೆಸರು ಕೊರೆಯಲು ಕಲ್ಲೆಲ್ಲಿದೆ? ಅವರ ಕೆಲಸ ಕೈಗೂಡಿದ ದಿನ ಏನೂ ನಡೆದಿರುವುದಿಲ್ಲ, ದನಗಳು ಎಂದಿನಂತೆ ಮೇಯ್ದು ಮನೆಗೆ ಬರುತ್ತವೆ. ಇಂಥವರು ಲೋಕದಿಂದ ಬೇಡುವುದು ಕೀರ್ತಿಯನ್ನಲ್ಲ. ಬೆಂಕಿ ಬಿದ್ದಾಗ ಭಯವಿಲ್ಲದೆ ತಮ್ಮ ಬಾಗಿಲಿಗೆ ಓಡಿಬರುವ ಒಬ್ಬ ಬೋರಮ್ಮನನ್ನು.