ನಾಲ್ಕನೆಯ ಹೆಸರು

ರೇಡಿಯೊ ಕೋಣೆಯ ಹಲಗೆಯ ಮೇಲಿದ್ದ ನಾಲ್ಕನೆಯ ಹೆಸರನ್ನು ಲೊರೇನ್ ಸೀಮೆಎಣ್ಣೆಯ ಬಟ್ಟೆಯಿಂದ ತಿಕ್ಕುತ್ತಿದ್ದಳು. ಇಪ್ಪತ್ತು ವರ್ಷದ ಬಣ್ಣ, ಸುಲಭಕ್ಕೆ ಬಿಡಲೊಲ್ಲದು.

"ಬೇಗ ಉಜ್ಜೇ," ಬಾಗಿಲಲ್ಲಿ ನಿಂತು ಕ್ಲೆಮ್ ಅಂದ. ಹಲಗೆಯ ಐದು ಹೆಸರಲ್ಲಿ ಕೊನೆಯದು ಅವನದು, ಕಡಲು ಕಾಯುವ ರೇಂಜರ್. "ಅತ್ತೆ ಹೊಗೆ ಹಾಕೋಕೆ ಬರ್ತಾಳೆ. ಕಣ್ಣಿಗೆ ಬಿದ್ರೆ ಅಷ್ಟೇ."

ಅವರ ಕುಲದಲ್ಲಿ ಸತ್ತವರ ಹೆಸರು ಬಾಯಲ್ಲಿ ಬರಬಾರದು, ಕಣ್ಣಿಗೂ ಬೀಳಬಾರದು. ಆ ನಾಲ್ಕನೆಯ ಹೆಸರು ಲೊರೇನಳ ಸೋದರಮಾವನದು; ಅವನನ್ನು ಮಧ್ಯಾಹ್ನ ಅವನ ನೆಲದಲ್ಲೇ ಹೂಳಿ ಬಂದಿದ್ದರು. ಅವನ ಮನೆ, ಗಾಡಿ, ದೋಣಿಗೆಲ್ಲ, ಜೀವ ಅಲ್ಲೇ ಸುಳಿಯದೆ ಹೊರಟುಹೋಗಲೆಂದು, ಹಸಿ ಎಲೆಯ ಹೊಗೆ ಆಗಿತ್ತು. ಉಳಿದದ್ದು ರೇಡಿಯೊ ಕೋಣೆ.

ಹೊರಗೆ ಮುದುಕಿಯರು ಟೀ ಕುಡಿಯುತ್ತಿದ್ದರು.

"ಹಡಗಿನೋರು ಎಸೆದ ಬಲೆ ಎಳೆದೂ ಎಳೆದೂ ಬೆನ್ನೇ ಬಗ್ಗಿಹೋಗಿತ್ತು ಅವನ್ದು."

"ಬಲೇಲಿ ಸಿಕ್ಕಿದ ಆಮೆಗೇ ಬೈತಿದ್ದ. 'ಕುರುಡಿ, ಮತ್ತೆ ಬಂದ್ಯಾ?' ಅಂತ."

"ಎಲ್ಲಾನೂ ಬಿಟ್ಟುಬಿಡೋನು. ಒಂದಾದ್ರೂ ನಮ್ಮ ಬೆಂಕಿಗೆ ತಂದನಾ, ಜಿಪುಣ!"

ನಕ್ಕರು. ನಗು ಬೇಗ ನಿಂತಿತು.

ಅವನ ಹೆಂಡತಿ ಇಸೋಬೆಲ್ ನಗಲಿಲ್ಲ. "ದಂಡೇಲಿ ಒಬ್ನೇ ಎದೆ ಹಿಡ್ಕೊಂಡು ಬಿದ್ಮೇಲೂ ಬೆಳಗಿನ ಜಾವದ ತನಕ ಜೀವ ಇತ್ತಂತೆ, ಡಾರ್ವಿನ್ನಿನ ಡಾಕ್ಟ್ರು ಹೇಳಿದ್ರು. ದೋಣಿ ಕಡೆ ತೆವಳಿದ ಗುರುತಿತ್ತು ಮರಳಲ್ಲಿ." ಕಿಟಕಿಯತ್ತ ತಿರುಗಿದಳು. "ಲೊರೇನ್, ಅವತ್ತು ಸಂಜೆ ರೇಡಿಯೊದಲ್ಲಿ ಉತ್ತರ ಕೊಟ್ಟಿದ್ದ ಅಲ್ವಾ?"

"ಕೊಟ್ಟಿದ್ದ, ಅತ್ತೆ."

ಪೊಲೀಸರಿಗೂ ಅದನ್ನೇ ಹೇಳಿದ್ದಳು.

*

ದಿನಾ ಸಂಜೆ ಐದಕ್ಕೆ ಲೊರೇನ್ ರೇಡಿಯೊದಲ್ಲಿ ಐವರು ರೇಂಜರರ ಹೆಸರು ಕೂಗಬೇಕು. ಎಲ್ಲರೂ ಓಗೊಡುವ ತನಕ ರೇಡಿಯೊ ಮುಚ್ಚುವಂತಿಲ್ಲ; ಯಾರಾದರೂ ಓಗೊಡದಿದ್ದರೆ ಹುಡುಕಲು ದೋಣಿ ಕಳಿಸಬೇಕು. ಮಾವನದು ಯಾವತ್ತೂ ತಡ. "ಸತ್ತಿಲ್ಲ ಕಣೇ, ಟೀಗಿಡು," ಅನ್ನುವುದೇ ಅವನ ಉತ್ತರ. ಅವತ್ತು ಮೂರು ಸಲ ಕೂಗಿದಳು. ಹೊರಗೆ ಇಸ್ಪೀಟಿನ ಗೆಳತಿಯರು ಹಾರ್ನ್ ಒತ್ತುತ್ತಿದ್ದರು. ಮುದುಕನದು ಇದ್ದದ್ದೇ ಎಂದು ಅವನ ಹೆಸರಿನ ಮುಂದೆ ಗುರುತು ಹಾಕಿ ಸ್ವಿಚ್ಚು ಆರಿಸಿದಳು.

*

ಹೂಳಿ ಬಂದ ದಿನದ ಸಂಜೆ ಐದು ಗಂಟೆ. ದೂರದ ನೆಂಟರನ್ನು ಬಿಟ್ಟುಬರಲು ಕ್ಲೆಮ್ ಸೇರಿ ನಾಲ್ವರು ರೇಂಜರರೂ ನಾಲ್ಕು ದೋಣಿಗಳಲ್ಲಿ ಹೋಗಿದ್ದರು. ಹೊಗೆಯಾಡುವ ಸೊಪ್ಪು ಹಿಡಿದು ಇಸೋಬೆಲ್ ಒಳಗೆ ಬಂದಳು. ಲೊರೇನ್ ಕೂಗಿದಳು, ಮೂವರು ಓಗೊಟ್ಟರು. ನಾಲ್ಕನೆಯ ಸಾಲಿನಲ್ಲಿ ತಿಕ್ಕಿದ ಕಲೆ. ಒತ್ತಿ ಹಿಡಿದಷ್ಟು ಹೊತ್ತೂ ಕೋಣೆಯ ಸದ್ದು ದೋಣಿಗಳಿಗೆ ಕೇಳಿಸುವ ಗುಂಡಿಯನ್ನು ಒತ್ತಿದಳು. ಕೂಗಲು ಹೆಸರಿಲ್ಲ. ಬಿಟ್ಟಳು.

"ನನ್ನ ಹೆಸರು ಕೂಗಿ ಮುಗಿಸೇ," ರೇಡಿಯೊದಲ್ಲಿ ಕ್ಲೆಮ್.

ಮತ್ತೆ ಒತ್ತಿದಳು. "ಅವತ್ತು ಉತ್ತರ ಬರಲಿಲ್ಲ, ಅತ್ತೆ. ಸುಮ್ನೆ ಗುರುತು ಹಾಕಿ ಮುಚ್ಬಿಟ್ಟೆ."

ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಇಸೋಬೆಲ್ ಸೊಪ್ಪನ್ನು ಡಬ್ಬಿಯಲ್ಲಿಟ್ಟಳು. ಹತ್ತಿರ ಬಂದು ತನ್ನ ಕೈಯನ್ನು ಆ ಬೆರಳ ಮೇಲಿಟ್ಟಳು. ಉಗುರು ಬೆಳ್ಳಗಾಗುವಷ್ಟು ಬಲವಾಗಿ ಒತ್ತಿ ಹಿಡಿದಳು; ಬಿಡಲಿಲ್ಲ.

ರೇಡಿಯೊದ ಕೆಂಪು ದೀಪ ಉರಿಯುತ್ತಲೇ ಇತ್ತು. ಕಡಲ ಮೇಲಿನ ನಾಲ್ಕೂ ದೋಣಿಗಳಲ್ಲಿ ಇಬ್ಬರು ಹೆಂಗಸರ ಉಸಿರು ಕೇಳುತ್ತಿತ್ತು.