ಬೇರೆ ಬೇರೆ ಅಳೆದದ್ದು

ಅಕ್ಕನ ಪ್ರಯೋಗಾಲಯದಲ್ಲಿ ಎರಡು ಆವಿಗಳನ್ನು ಬೆರೆಸಿ ಅಳೆಯುವ ಯಂತ್ರ ಇರಲಿಲ್ಲ. ಮಾಸ್ಕಿಗೆ ಸಿಕ್ಕಿಸುವ ಡಬ್ಬಿಯೊಳಗಿನ ಇದ್ದಿಲು ಸ್ಪಿರಿಟ್ಟಿನ ಆವಿಯನ್ನು ಎಷ್ಟು ಹಿಡಿಯುತ್ತದೆ, ಥಿನ್ನರಿನದನ್ನು ಎಷ್ಟು ಎಂದು ಬೇರೆ ಬೇರೆ ಅಳೆಯುತ್ತಿದ್ದಳು. ಎರಡೂ ಕೂಡಿದರೆ ಏನಾಗುತ್ತದೆಂಬುದನ್ನು ಸೂತ್ರ ಹೇಳುತ್ತಿತ್ತು. ಇದ್ದಿಲಿನ ಸಣ್ಣ ರಂಧ್ರಗಳನ್ನು ಎರಡು ಆವಿಗಳೂ ತಕರಾರಿಲ್ಲದೆ ಹಂಚಿಕೊಳ್ಳುತ್ತವೆ ಎಂದು ಆ ಸೂತ್ರ ನಂಬಿತ್ತು. ಅವಳೂ ನಂಬಿದ್ದಳು.

ಅವಳ ತಮ್ಮ, ಮೇಜು ಕುರ್ಚಿಗಳಿಗೆ ಪಾಲಿಶ್ ಹೊಡೆಯುವವನು. ಅವನ ಕೋಣೆಯಲ್ಲಿ ಸ್ಪಿರಿಟ್ಟೂ ಥಿನ್ನರೂ ಒಟ್ಟಿಗೇ ಇರುತ್ತಿದ್ದವು. ಹೊಸ ಡಬ್ಬಿಗಳು ತಯಾರಾದಾಗ ಮೊದಲು ಅವನಿಗೇ ತಂದುಕೊಟ್ಟಳು.

“ಹಳೇದನ್ನ ಊಟದ ಹೊತ್ತಿಗೇ ಬಿಸಾಕ್ತಿದ್ವಿ,” ಎಂದ ಅವನು.

“ಇದು ಸಂಜೆವರೆಗೂ ಬರುತ್ತೆ ಕಣೋ.”

“ಯಾರ ಲೆಕ್ಕ?”

“ನಂದೇ.”

“ಹಂಗಾದ್ರೆ ಕಷ್ಟ. ನನ್ನ ಮಗ್ಗಿ ತಿದ್ದಿಕೊಟ್ಟು ಮೇಷ್ಟ್ರ ಹತ್ರ ಏಟು ತಿನ್ನಿಸಿದವಳು ನೀನು.”

ನಕ್ಕುಬಿಟ್ಟರು. ಅವನು ಸಂಜೆವರೆಗೂ ಅದನ್ನೇ ಹಾಕಿಕೊಳ್ಳತೊಡಗಿದ.

ಕೆಲವು ದಿನ ತಲೆನೋವು ಎಂದ. ನಿದ್ದೆ ಸಾಲದೆ ಇರಬೇಕು ಎಂದಳು. ಆಮೇಲೆ ಒಂದು ಬೆಳಗ್ಗೆ, “ಅಕ್ಕ, ಲೈಟ್ ಹಾಕು,” ಎಂದ. ಬಿಸಿಲು ಅವನ ಹಾಸಿಗೆಯ ಮೇಲೇ ಬಿದ್ದಿತ್ತು.

ಸ್ಪಿರಿಟ್ಟಿನ ವಿಷ ಕಣ್ಣಿನ ನರಕ್ಕೆ ಏರಿದೆ, ಇನ್ನು ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು.

ಅಕ್ಕ ಅದೇ ಬಗೆಯ ಹೊಸ ಡಬ್ಬಿಯನ್ನು ಬೇರೊಂದು ಪ್ರಯೋಗಾಲಯಕ್ಕೆ ಒಯ್ದು, ಎರಡು ಆವಿಗಳನ್ನೂ ಬೆರೆಸಿಯೇ ಅಳೆದಳು. ಬೆಳಗ್ಗೆಯೆಲ್ಲ ಇದ್ದಿಲು ಸ್ಪಿರಿಟ್ಟನ್ನು ಹಿಡಿದಿಟ್ಟುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಥಿನ್ನರು ಒಳಗೆ ಬೇರೂರಿ ಅದನ್ನು ಕುತ್ತಿಗೆ ಹಿಡಿದು ಹೊರಗೆ ನೂಕಿತು. ಹೊರಬಿದ್ದ ಸ್ಪಿರಿಟ್ಟು ಕೋಣೆಯ ಗಾಳಿಯಲ್ಲಿದ್ದದ್ದಕ್ಕಿಂತ ದಟ್ಟವಾಗಿತ್ತು. ಆ ಹೊತ್ತಿನಲ್ಲಿ ಮಾಸ್ಕ್ ತೆಗೆದಿಟ್ಟಿದ್ದರೇ ಅವನಿಗೆ ಒಳ್ಳೆಯದಿತ್ತು.

ಮನೆಗೆ ಬಂದು ಹೇಳಿದಳು.

“ಅಂದ್ರೆ ನಿನ್ನ ಡಬ್ಬಿ ಹಾಕ್ಕೊಂಡೇ ಕಣ್ಣು ಹೋಯ್ತು ಅಂತಾಯ್ತು.”

“ಹೌದು.”

ಅವನು ಅವಳು ಕೂತಿದ್ದ ಕಡೆಗಲ್ಲ, ಸ್ವಲ್ಪ ಬದಿಗೆ ಮುಖ ಮಾಡಿಕೊಂಡಿದ್ದ.

“ಹೇಳ್ಬಾರ್ದಿತ್ತು ಕಣಕ್ಕ. ನಿನ್ನ ಲೆಕ್ಕ ಸರಿಯಾಗೇ ಇತ್ತು, ನನ್ನ ಹಣೆಬರಹ ಸರಿಯಿರ್ಲಿಲ್ಲ ಅಂದ್ಕೊಂಡು ಹೆಂಗೋ ಇದ್ದೆ.”

ಅಲ್ಲಿಯವರೆಗೆ ಬಚ್ಚಲಿಗೆ ಹೋಗಲು ಅವಳ ಕೈ ಹಿಡಿಯುತ್ತಿದ್ದ. ಅವತ್ತು ಎದ್ದವನು ಗೋಡೆ ಹಿಡಿದ. ಅವಳು ಕೈ ಚಾಚಿದಳು. ಅದು ತಾಕಿದ ಕೂಡಲೇ ತನ್ನದನ್ನು ಹಿಂದಕ್ಕೆಳೆದುಕೊಂಡ. ಈಗಲೂ ಗೋಡೆ ಹಿಡಿದೇ ಓಡಾಡುತ್ತಾನೆ.

ಹೋದದ್ದು ಎರಡು ಕಣ್ಣು, ಒಬ್ಬಳು ಅಕ್ಕ.